ಕಡೆಯ ದಿನ ಯಾರ ಕಡೆ

ಗುರುವಾರ, ಬೆಳಿಗ್ಗೆ ಒಂಬತ್ತೂವರೆ
ಸಭಾಭವನದ ಹಿಂದಿನ ಸಾಮಾನು ಕೋಣೆ

ಮುದ್ದಿನ ತಮ್ಮನಿಗೆ, ಚೆಂಡಿನ ಮೂಟೆಯ ಮೇಲೆ ಕೂತು ಅಕ್ಕ ಬರೆಯುವುದು,

ಎರಡು ದಿನದಲ್ಲಿ ಏಳು ಸಲ ಫೋನ್ ಮಾಡಿದೆ. ಏಳು ಸಲವೂ ನೀನು ಎತ್ತಲಿಲ್ಲ. ಎಂಟನೆಯ ಸಲ ಮಾಡಿದಾಗ ನೀನು ‘ಪ್ರಾರ್ಥನೆಯಲ್ಲಿ ನೆನೆಯುತ್ತಿದ್ದೇನೆ ಅಕ್ಕ’ ಎಂದು ಒಂದು ಸಾಲು ಕಳಿಸಿದೆ. ನೆನೆದದ್ದಕ್ಕೆ ಸಂತೋಷ. ಆದರೆ ನಾನು ಕೇಳಿದ್ದು ಅದನ್ನಲ್ಲ, ಪುಣ್ಯಾತ್ಮ. ಫೋನಿನಲ್ಲಿ ಸಿಕ್ಕಿದ್ದರೂ ಎರಡೇ ಮಾತಿಗೆ ನನ್ನ ಬಾಯಿ ಕಟ್ಟಿಹಾಕುತ್ತಿದ್ದೆ ಎಂಬುದು ನನಗೆ ಗೊತ್ತು. ಮಾತು ನಿನ್ನ ಕಸುಬು. ನನ್ನದು ಮೈದಾನದಲ್ಲಿ ಮಕ್ಕಳಿಗೆ ಆಟ ಕಲಿಸುತ್ತ ಪೀಪಿ ಊದುವುದು. ಅದಕ್ಕೇ ಬರೆಯುತ್ತಿದ್ದೇನೆ. ವ್ಯಾನಿನ ಡ್ರೈವರ್ ಶಿಬಿರದ ಸಾಮಾನು ತುಂಬಿಕೊಂಡು ಹನ್ನೆರಡಕ್ಕೆ ನಿಮ್ಮ ಮಿಷನ್ ಕೇಂದ್ರಕ್ಕೆ ಹೊರಡುತ್ತಾನೆ. ನಾಳೆ ತಿಂಡಿಯ ಹೊತ್ತಿಗೆ ಇದು ನಿನ್ನ ಕೈಯಲ್ಲಿರುತ್ತದೆ. ಜೇಬಿಗೆ ಹಾಕಿಕೊಂಡು ಆಮೇಲೆ ಓದುತ್ತೇನೆ ಎನ್ನಬೇಡ. ಓದಿ ಮುಗಿಸುವ ತನಕ ಅಲ್ಲಾಡಬೇಡ ಎಂದು ಡ್ರೈವರ್‌ಗೆ ಹೇಳಿ ಕಳಿಸುತ್ತಿದ್ದೇನೆ. ಅವನು ಹೇಳಿದ ಹಾಗೆ ಮಾಡುವ ಮನುಷ್ಯ.

ನಮ್ಮ ಗೋಲ್ ಕೀಪರ್ ಹುಡುಗಿ, ಕೈಗೆ ಬಿದ್ದ ಚೆಂಡನ್ನು ಬಿಡುವುದೇ ಇಲ್ಲ ಎಂದು ಮಕ್ಕಳೆಲ್ಲ ‘ಅಂಟು’ ಎಂದು ಕರೆಯುತ್ತಾರಲ್ಲ, ಅವಳು ಮಂಗಳವಾರದಿಂದ ಮೈದಾನಕ್ಕೆ ಬಂದಿಲ್ಲ. ಅವಳ ಗ್ಲೌಸು ಅವಳಪ್ಪನ ಅಂಗಡಿಯ ಕಪಾಟಿನಲ್ಲಿದೆ. ಅವನು ಬೀಗ ರಿಪೇರಿ ಮಾಡುವವನು, ಆ ಕಪಾಟನ್ನು ಬೇರೆ ಯಾರೂ ತೆಗೆಯುವ ಹಾಗಿಲ್ಲ. ನಾಡಿದ್ದು ಶನಿವಾರ ಬೆಳಿಗ್ಗೆ ಎಂಟಕ್ಕೆ ಕ್ರೀಡಾ ಹಾಸ್ಟೆಲಿನ ಆಯ್ಕೆ. ಹದಿನಾಲ್ಕು ತುಂಬಿದವರನ್ನು ಅವರು ತೆಗೆದುಕೊಳ್ಳುವುದಿಲ್ಲ. ಇವಳಿಗೆ ಬರುವ ತಿಂಗಳು ತುಂಬುತ್ತದೆ. ಅಂದರೆ ಈ ಶನಿವಾರ ಬಿಟ್ಟರೆ ಅವಳಿಗೆ ಇನ್ನೊಂದು ಶನಿವಾರ ಇಲ್ಲ. ಅರ್ಜಿಗೆ ಅಪ್ಪನ ಸಹಿ ಬೇಕು. ಅವನು ಸಹಿ ಹಾಕುವುದು ಬಿಡುವುದು ನಿನ್ನ ಪೆಟ್ಟಿಗೆಯಲ್ಲಿರುವ ಒಂದು ಅರ್ಧ ಚೀಟಿಯ ಮೇಲೆ ನಿಂತಿದೆ.

ಯಾವ ಚೀಟಿ ಎಂದು ನಿನಗೆ ಗೊತ್ತಾಗಿರಬೇಕು. ಆದರೂ ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ಯಾಕೆಂದರೆ ನೀನು ಮಿಷನ್ನಿನ ಹಿರಿಯರಿಗೆ ಬರೆದ ವರದಿಯ ಕರಡನ್ನು ಇಲ್ಲೇ ಮೇಜಿನ ಮೇಲೆ ಬಿಟ್ಟುಹೋಗಿದ್ದೀಯ, ಅದನ್ನು ಓದಿದ್ದೇನೆ. ‘ಐವತ್ತೆರಡು ಮಕ್ಕಳಲ್ಲಿ ಮೂವತ್ತೆಂಟು ಮಂದಿ ಆತನ ಕಡೆಗೆ ಬರಲು ತೀರ್ಮಾನಿಸಿದರು’ ಎಂದಿದೆ. ಓದಿ ನಗು ಬರಲಿಲ್ಲ.

ಮಕ್ಕಳ ಆಟದ ಶಿಬಿರದ ಐದನೆಯ ದಿನ, ಹೋದ ಶುಕ್ರವಾರ ಸಂಜೆ. ಮಕ್ಕಳು ಓಡಿ ಓಡಿ ಕೆಂಪಗಾಗಿ ನೀರು ಕುಡಿದು ಗೋಡೆಯ ನೆರಳಿನಲ್ಲಿ ಕೂತಿದ್ದರು. ನೀನು ಚೆಂಡಿನ ಮೇಲೆ ಒಂದು ಕಾಲಿಟ್ಟು ನಿಂತು ಮಾತು ಶುರು ಮಾಡಿದೆ. ನಾನು ಆಚೆ ತುದಿಯಲ್ಲಿ ಹರಿದ ಬಲೆಯನ್ನು ಗೋಲಿಗೆ ಕಟ್ಟುತ್ತಿದ್ದೆ. ಗಾಳಿ ಈ ಕಡೆ ಬೀಸುತ್ತಿದ್ದುದರಿಂದ ಮಾತು ಕೇಳಿಸಿತು. "ಆತ ಬರ್ತಾನೆ, ಸಿದ್ಧವಾಗಿರಿ. ಕಡೆಯ ದಿನ ನೀವು ಯಾರ ಕಡೆ ಇರ್ತೀರಿ?" ಎಂದು ಕೇಳಿದೆ. ಚೆನ್ನಾಗಿ ಕೇಳಿದೆ ಕಣೋ. ಭಾನುವಾರ ಚರ್ಚಿನ ಸಭೆಯಲ್ಲಿ ಕೇಳಿದ್ದರೆ ನಾನೂ ತಲೆ ತಗ್ಗಿಸುತ್ತಿದ್ದೆ.

ಆದರೆ ಆ ವಾರವೆಲ್ಲ ನಾನು ಆ ಮಕ್ಕಳಿಗೆ ಹೇಳಿದ್ದೇನು? ಕಡೆಯ ದಿನ ಪಂದ್ಯ ಇದೆ. ಕಡೆಯ ದಿನ ಆಯ್ಕೆಯ ಸಾಹೇಬರು ಬರುತ್ತಾರೆ, ರೆಡಿಯಾಗಿರಿ. ಕೆಂಪು ಕಡೆ ಯಾರು, ಬಿಳಿ ಕಡೆ ಯಾರು ಎಂದು ಶುಕ್ರವಾರ ಸಂಜೆ ಹೇಳುತ್ತೇವೆ. ನೀನು ನಿನ್ನ ಪುಸ್ತಕದಿಂದ ಹೇಳಿದ್ದನ್ನೇ ನಾನು ಪೀಪಿ ಹಿಡಿದು ಐದು ದಿನದಿಂದ ಹೇಳಿಕೊಂಡು ಬಂದಿದ್ದೆ. ನೀನು ಆ ಪ್ರಶ್ನೆ ಕೇಳಿದಾಗ ಅವರಿಗೆ ಕೇಳಿಸಿದ್ದು ಇಷ್ಟೇ: ನಾಳೆಯ ಪಂದ್ಯದಲ್ಲಿ ಯಾರ ಟೀಮು? ‘ಆತ’ ಎಂದರೆ ಆಯ್ಕೆಯ ಸಾಹೇಬರು, ಪಾಸ್ಟರಣ್ಣ ಪುಸ್ತಕದ ಭಾಷೆಯಲ್ಲಿ ಹೇಳುತ್ತಿದ್ದಾರೆ ಎಂದುಕೊಂಡರು. ಕೈ ಎತ್ತಿದ್ದು ಒಂದೇ ಉಸಿರಿಗೆ. ಕೆಲವರು ಎರಡೂ ಕೈ ಎತ್ತಿದರು. ಆ ಫೋಟೋವನ್ನೇ ನೀನು ಮಿಷನ್ ಪತ್ರಿಕೆಗೆ ಕಳಿಸಿದ್ದೀಯ. ಸರಿಯಾಗಿ ನೋಡು, ನಿನ್ನ ಬಲಗಡೆ ಕೂತ ದಡೂತಿ ಹುಡುಗ ಎರಡೂ ಕೈ ಎತ್ತಿ, ಒಂದು ಬೆರಳು ಮಡಿಸಿ ಒಂಬತ್ತು ಎಂದು ತೋರಿಸುತ್ತಿದ್ದಾನೆ. ಅವನಿಗೆ ಒಂಬತ್ತನೇ ನಂಬರ್ ಬನಿಯನ್ ಬೇಕಿತ್ತು.

ಕೈ ಎತ್ತದ ಹದಿನಾಲ್ಕು ಮಂದಿಯ ಬಗ್ಗೆ ನೀನು ಆವತ್ತು ತುಂಬ ನೊಂದುಕೊಂಡೆ. ಅವರಲ್ಲಿ ಒಂಬತ್ತು ಮಂದಿ ನಮ್ಮ ಸಭೆಯ ಮಕ್ಕಳೇ. ನೀನು ಕೇಳಿದ್ದು ಅರ್ಥವಾದದ್ದು ಅವರಿಗೆ ಮಾತ್ರ. ತಾವು ಹುಟ್ಟಿದಾಗಿನಿಂದ ಆ ಕಡೆಯವರೇ ಅಲ್ಲವೇ ಎಂದು ಸುಮ್ಮನೆ ಕೂತಿದ್ದರು. ಇದನ್ನು ಹೇಳಿದರೆ ನಿನಗೆ ಸಿಟ್ಟು ಬರುತ್ತದೆ. ಬರಲಿ.

ಆಮೇಲೆ ಚೀಟಿ. ‘ನಾನು ಈ ದಿನ ಆತನ ಕಡೆ ಸೇರಲು ತೀರ್ಮಾನಿಸಿದ್ದೇನೆ’ ಎಂದು ಅಚ್ಚು ಹಾಕಿಸಿದ ನೀಲಿ ಚೀಟಿ. ಮೇಲಿನರ್ಧದಲ್ಲಿ ಆ ಸಾಲು, ಸಹಿಗೆ ಚುಕ್ಕಿ ಗೆರೆ. ಕೆಳಗಿನರ್ಧದಲ್ಲಿ ಮಗುವಿನ ಹೆಸರು, ‘ನಿಮ್ಮ ಕೋರಿಕೆ’ ಎಂದು ಬರೆದು ಒಂದು ಖಾಲಿ ಸಾಲು. ನಡುವೆ ಹರಿದು ಮೇಲಿನದನ್ನು ಮಗುವಿನ ಕೈಗೆ ಕೊಟ್ಟೆ, ಕೆಳಗಿನದನ್ನು ನಿನ್ನ ಪೆಟ್ಟಿಗೆಗೆ ಹಾಕಿಕೊಂಡೆ. ಪ್ರಾರ್ಥನೆಗೆ ಕೋರಿಕೆ ಬರೆಯಲಿ ಎಂದು ನಿನ್ನ ಆಸೆ. ನೀನು ಅವುಗಳನ್ನು ಎಣಿಸಿದೆ, ಓದಲಿಲ್ಲ. ನಾನು ಶನಿವಾರ ಪೆಟ್ಟಿಗೆ ಕಟ್ಟುವಾಗ ಮೇಲಿನ ಏಳೆಂಟನ್ನು ಓದಿದೆ. ಒಬ್ಬ ‘ಲೆಫ್ಟ್ ವಿಂಗ್’ ಎಂದು ಬರೆದಿದ್ದಾನೆ. ಒಬ್ಬಳು ‘ಬೆಂಚಿನ ಮೇಲೆ ಕೂರಿಸಬೇಡಿ’ ಎಂದು. ಇನ್ನೊಬ್ಬ ‘ನನ್ನ ತಮ್ಮ ಬಿಳಿ ಕಡೆ ಇದ್ದರೆ ನನಗೆ ಕೆಂಪು ಕಡೆ ಕೊಡಿ’ ಎಂದು. ಅಂಟು ಬರೆದದ್ದು ‘ಗೋಲ್ ಬಿಟ್ಟು ಬೇರೆ ಎಲ್ಲೂ ನಿಲ್ಲಿಸಬೇಡಿ’. ಇದು ದೇವರ ಹತ್ತಿರ ಕೇಳುವ ಮಾತು ಎಂದು ನಿನಗೆ ಅನ್ನಿಸಿದರೆ ನಾನು ಇಲ್ಲಿಗೇ ನಿಲ್ಲಿಸುತ್ತೇನೆ.

ಮಾರನೆಯ ದಿನ ಸಾಹೇಬರು ಬರಲಿಲ್ಲ, ಒಂದು ವಾರ ಮುಂದಕ್ಕೆ ಹಾಕಿದರು. ನೀನು ರೈಲು ಹತ್ತಿದೆ. ಎಲ್ಲ ಮುಗಿಯಿತು ಎಂದುಕೊಂಡೆ.

ಮಂಗಳವಾರ ಮಧ್ಯಾಹ್ನ ನಾನು ಮಕ್ಕಳಿಗೆ ಪಾಸ್ ಕಲಿಸುತ್ತಿದ್ದಾಗ ಬೀಗದವನು ಮೈದಾನಕ್ಕೆ ಬಂದ. ಅಂಗಡಿಯ ಏಪ್ರನ್ನನ್ನೂ ಬಿಚ್ಚಿರಲಿಲ್ಲ. ನೇರ ಹೋಗಿ ಗೋಲ್ ಕಂಬದ ಪಕ್ಕ, ಅವನ ಮಗಳು ನಿಲ್ಲುವ ಜಾಗದಲ್ಲೇ ನಿಂತ. ಕೂಗಾಡುತ್ತಾನೆ ಎಂದುಕೊಂಡಿದ್ದೆ, ಕೂಗಾಡಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಜೇಬಿನಿಂದ ನೀಲಿ ಚೀಟಿ ತೆಗೆದು ನನ್ನ ಅಂಗೈಯಲ್ಲಿಟ್ಟು, "ಓದಿ" ಅಂದ. ಓದಿದೆ. "ಇನ್ನೊಂದ್ಸಲ ಓದಿ" ಅಂದ. ಮತ್ತೆ ಓದಿದೆ. "ನಂಗೆ ಜಾಸ್ತಿ ಓದು ಬರಲ್ಲ. ಕಡೆ ಅಂದ್ರೇನು ಹೇಳಿ. ನನ್ ಮಗಳು ಇನ್ನೂ ನನ್ ಕಡೆ ಇದ್ದಾಳಾ, ನಿಮ್ ಕಡೆ ಬಂದ್ಬಿಟ್ಟಿದ್ದಾಳಾ?"

ಚೆಂಡಾಟದ ವಿಷಯ, ಟೀಮಿನ ವಿಷಯ, ಮಕ್ಕಳು ತಪ್ಪು ತಿಳಿದುಕೊಂಡಿದ್ದಾರೆ ಎಂದೆ. ಅವನು ನನ್ನ ಮುಖವನ್ನೇ ನೋಡುತ್ತ ಕೇಳಿಸಿಕೊಂಡ. "ಟೀಮಿಗೆ ಸೇರೋಕೆ ತೀರ್ಮಾನ ಅಂತ ಯಾರು ಬರೀತಾರೆ? ಅಚ್ಚು ಹಾಕ್ಸಿದ್ದಾರಲ್ಲ ಪಾಸ್ಟರು, ಅವರಿಗೂ ತಪ್ಪು ತಿಳೀತಾ?" ಎಂದು ಕೇಳಿದ. ಅದಕ್ಕೆ ನಿನ್ನ ಹತ್ತಿರ ಉತ್ತರ ಇದೆಯೇ? ಆಮೇಲೆ ಚೀಟಿಯನ್ನು ಬೆಳಕಿಗೆ ಹಿಡಿದು, "ಸಹಿ ಹಸಿರು ಶಾಯೀಲಿದೆ. ನಮ್ಮನೇಲಿ ಹಸಿರು ಪೆನ್ನಿಲ್ಲ. ಇದ್ಯಾರು ಕೊಟ್ಟಿದ್ದು?" ಅಂದ. ಶಿಬಿರದಲ್ಲಿ ಹತ್ತಾರು ಪೆನ್ನು ಓಡಾಡುತ್ತವೆ, ಯಾರದೋ ಇರಬೇಕು ಎಂದೆ. ಅವನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡು ಹೊರಟುಹೋದ.

ನಿನ್ನೆ ನಾನೇ ಅವನ ಅಂಗಡಿಗೆ ಹೋದೆ. ಅಂಗಡಿ ಎಂದರೆ ಒಂದು ಬಾಗಿಲಿನಷ್ಟು ಅಗಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕು. ಗೋಡೆ ತುಂಬ ಮೊಳೆ, ಮೊಳೆ ತುಂಬ ಬೀಗದ ಕೈ. ಹಿಂದೆ ನೆಲದ ಮೇಲೆ ಅಂಟು ಕೂತು ಒಂದು ತಟ್ಟೆಯಲ್ಲಿದ್ದ ಹಳೆಯ ಕೈಗಳನ್ನು ಅಳತೆ ನೋಡಿ ಬೇರೆ ಮಾಡುತ್ತಿದ್ದಳು. ಅಷ್ಟು ಚುರುಕಿನ ಕೈ, ಮಂದವಾಗಿ ಆಡುತ್ತಿತ್ತು. ನನ್ನನ್ನು ನೋಡಿ ಏಳಲಿಲ್ಲ. ಒಂದೇ ಒಂದು ಸಲ ತಲೆ ಎತ್ತಿ ನನ್ನ ಕೊರಳಿನ ಕಡೆ ನೋಡಿದಳು, ಮತ್ತೆ ತಗ್ಗಿಸಿದಳು. ಪೀಪಿ ಹಾಕಿಕೊಂಡೇ ಹೋಗಿದ್ದೆನಲ್ಲ, ಅದನ್ನು ನೋಡಿ ಹೊಟ್ಟೆ ಉರಿದಿರಬೇಕು.

ಮನೆಯಲ್ಲಿ ಅಜ್ಜಿ ಅವಳ ಹತ್ತಿರ ಮಾತು ಬಿಟ್ಟಿದ್ದಾಳಂತೆ. ಅಮ್ಮ ಮಾತಾಡುತ್ತಾಳಂತೆ, ಆದರೆ ಅಳುತ್ತ. ‘ಟೀಮಿಗೆ ಅಂತ ಹಾಕಿದ್ದು’ ಎಂದು ಇವಳು ನೂರು ಸಲ ಹೇಳಿದ್ದಾಳೆ. ಸಿಕ್ಕಿಬಿದ್ದ ಮೇಲೆ ಎಲ್ಲರೂ ಹೇಳುವುದು ಹೀಗೇ ಎಂದು ಅಪ್ಪ ನಂಬುತ್ತಿಲ್ಲ. ನಾನು ಹೇಳಿದರೂ ನಂಬುವುದಿಲ್ಲ. "ನೀವು ಪಾಸ್ಟರ್ ಅಕ್ಕ. ನೀವು ಅವರ ಕಡೆಯೋರು" ಎಂದ. ನೋಡು, ಆ ಒಂದು ಶಬ್ದ ನಮ್ಮನ್ನು ಎಲ್ಲಿ ಹೋದರೂ ಬಿಡುತ್ತಿಲ್ಲ.

ಆದರೂ ಅವನು ಕೆಟ್ಟವನಲ್ಲ. ಚೀಟಿಯನ್ನು ಇನ್ನೂ ಯಾರಿಗೂ ತೋರಿಸಿಲ್ಲ. ಇಂಥ ಇನ್ನೂ ಮೂವತ್ತೇಳು ಚೀಟಿ ಮೂವತ್ತೇಳು ಮನೆಗಳ ಸ್ಕೂಲ್ ಬ್ಯಾಗುಗಳಲ್ಲಿವೆ ಎಂಬುದು ಅವನಿಗೆ ಗೊತ್ತಿಲ್ಲ. ಗೊತ್ತಾದರೆ ಏನಾಗುತ್ತದೆ ಎಂದು ನಿನಗೆ ಬಿಡಿಸಿ ಹೇಳಬೇಕಾಗಿಲ್ಲ. ಅವನು ಹೇಳಿದ್ದು ಇಷ್ಟು: ಈ ಚೀಟಿಗೆ ಇನ್ನೊಂದು ಅರ್ಧ ಇದೆಯಂತಲ್ಲ, ಮಗಳು ಹೇಳ್ತಾಳೆ, ಅದರಲ್ಲಿ ತಾನು ಬರೆದದ್ದು ಗೋಲಿನ ವಿಷಯ ಅಂತ. ಪಾಸ್ಟರ್ ಅದನ್ನು ತಂದು ನನ್ನ ಮುಂದಿಡಲಿ. ಇದು ಅದಕ್ಕಲ್ಲ, ಆಟಕ್ಕೆ ಅಂತ ಅವರ ಬಾಯಲ್ಲೇ ಹೇಳಲಿ. ಪಟ್ಟಿಯಿಂದ ನನ್ನ ಮಗಳ ಹೆಸರು ಹೊಡೆದುಹಾಕಲಿ. ಆಗ ಅಲ್ಲೇ ನಿಂತು ಅರ್ಜಿಗೆ ಸಹಿ ಹಾಕುತ್ತೇನೆ, ಗ್ಲೌಸೂ ಕೊಡುತ್ತೇನೆ. ಶನಿವಾರ ಏಳೂವರೆ ತನಕ ಕಾಯುತ್ತೇನೆ, ಆಮೇಲೆ ಚೀಟಿ ತೆಗೆದುಕೊಂಡು ಎಲ್ಲರ ಮನೆಗೂ ಹೋಗುತ್ತೇನೆ.

ಎರಡು ಅರ್ಧ ಸೇರಿಸಿದರೆ ಬೀಗ ತೆಗೆಯುತ್ತದೆ. ಅವನ ಕಸುಬಿನವನಿಗೆ ಅದು ಸಹಜವಾದ ಲೆಕ್ಕ.

ಈಗ ನಿನ್ನ ಲೆಕ್ಕ. ನಾಳೆ ಸಂಜೆ ಐದಕ್ಕೆ ನೀನು ಹಿರಿಯರ ಮುಂದೆ ಮೂವತ್ತೆಂಟು ಎಂದು ಓದಬೇಕು. ಇಲ್ಲಿಗೆ ಬರುವ ರೈಲು ನಾಲ್ಕಕ್ಕೆ. ಅದನ್ನು ಹಿಡಿದರೆ ಶನಿವಾರ ಬೆಳಿಗ್ಗೆ ಆರಕ್ಕೆ ಇಲ್ಲಿರುತ್ತೀಯ, ಬಿಟ್ಟರೆ ಮಧ್ಯಾಹ್ನ. ಅಂದರೆ ವರದಿ ಓದಿ ಬರಲು ಆಗುವುದಿಲ್ಲ. ಒಂದು ಹೆಸರು ಹೊಡೆದರೆ ಅದು ಒಂದಕ್ಕೆ ನಿಲ್ಲುವುದಿಲ್ಲ ಎಂಬುದೂ ನನಗೆ ಗೊತ್ತು. ಕೆಳಗಿನರ್ಧಗಳನ್ನು ಓದಿದರೆ ಮೂವತ್ತೆಂಟರಲ್ಲಿ ಎಷ್ಟು ಉಳಿಯುತ್ತವೋ, ಉಳಿದರೂ ಉಳಿದಾವು ಒಂದೋ ಎರಡೋ. ನಿಮ್ಮ ಹಿರಿಯರು ಸಂಖ್ಯೆ ನೋಡುವವರು. ಸಂಖ್ಯೆ ಇಲ್ಲ ಎಂದರೆ ಮುಂದಿನ ವರ್ಷ ಶಿಬಿರ ಇಲ್ಲ. ಶಿಬಿರ ಇಲ್ಲ ಎಂದರೆ ಈ ಮೈದಾನಕ್ಕೆ ಗೇಟು ಬೀಳುತ್ತದೆ. ಅದು ನನ್ನ ಹೊಟ್ಟೆಯ ಮೇಲೂ ಬೀಳುವ ಪೆಟ್ಟು. ಈ ಚೆಂಡು, ಗುರುತಿಗಿಡುವ ಈ ಕೋನು, ಗೋಲಿನ ಕಂಬ ಎಲ್ಲ ಮಿಷನ್‌ನದು. ಇವು ಹೋದರೆ ನಾನು ಮಕ್ಕಳಿಗೆ ಬರಿಗಾಲಲ್ಲಿ ಕಲ್ಲು ಒದೆಯುವುದನ್ನು ಕಲಿಸಬೇಕು. ಹಾಗಾಗಿ ನಾನು ಸುಖಾಸುಮ್ಮನೆ ನಿನ್ನ ಮೇಲೆ ಹರಿಹಾಯುತ್ತಿಲ್ಲ.

ನೀನು ಮೋಸಗಾರ ಎಂದು ನಾನು ಒಂದು ಕ್ಷಣವೂ ಅಂದುಕೊಂಡಿಲ್ಲ. ಮಂಡಿ ತರಚಿದ ಮಕ್ಕಳಿಗೆ ಕೂತು ಗಾಯ ತೊಳೆದವನು ನೀನು. ಯಾರ ಜೊತೆಗೂ ಮಾತಾಡದ ಆ ಸಣ್ಣ ಹುಡುಗಿ ಮೂರನೆಯ ದಿನ ನಿನ್ನ ಕಿವಿಯಲ್ಲಿ ಏನೋ ಹೇಳಿ ನಕ್ಕಳಲ್ಲ, ಅದನ್ನು ನೋಡಿ ನನ್ನ ಕಣ್ಣು ತುಂಬಿತು. ಅಷ್ಟನ್ನೇ ವರದಿಯಲ್ಲಿ ಬರೆದಿದ್ದರೆ ಸಾಕಿತ್ತು. ನಂಬಿಕೆ ನನಗೂ ಇದೆಯಪ್ಪ. ನಾನೂ ಮಂಡಿಯೂರುವವಳೇ. ಬಲಗಾಲು ಮಡಿಸಲು ಬರುವುದಿಲ್ಲವಾದ್ದರಿಂದ ಒಂದೇ ಮಂಡಿ, ಅಷ್ಟೇ ವ್ಯತ್ಯಾಸ. ಆದರೆ ದೇವರು ಒಂದು ಮಗುವಿನ ಕೈಯನ್ನು ಅದು ಬೇರೆಯದಕ್ಕೆ ಎತ್ತಿದಾಗ ಹಿಡಿದುಕೊಳ್ಳುವವನು ಎಂದು ನನಗೆ ಅನ್ನಿಸುವುದಿಲ್ಲ. ಅಷ್ಟು ಅವಸರ ಅವನಿಗೆ ಯಾಕೆ?

ನಿನಗೆ ನೆನಪಿದೆಯೋ ಇಲ್ಲವೋ. ಕಾಲುಚೀಲ ಸುತ್ತಿ ಚೆಂಡು ಮಾಡಿ ಓಣಿಯಲ್ಲಿ ಆಡುವಾಗ ನೀನು ಮೂಗು ಸುರಿಸಿಕೊಂಡು ಬಂದು, "ನಾನು ಅಕ್ಕನ ಕಡೆ" ಎನ್ನುತ್ತಿದ್ದೆ. ಆ ಕಡೆ ಸೋಲುತ್ತದೆ ಎಂದು ಗೊತ್ತಿದ್ದರೂ. ನನಗೆ ಹದಿಮೂರು ತುಂಬಿದಾಗ ಇದೇ ಹಾಸ್ಟೆಲಿನ ಅರ್ಜಿ ನನ್ನ ಕೈಯಲ್ಲೂ ಇತ್ತು. ಪಂದ್ಯಗಳು ಭಾನುವಾರ ಇರುತ್ತವೆ, ಸಭೆ ತಪ್ಪುತ್ತದೆ ಎಂದು ಅಪ್ಪ ಸಹಿ ಹಾಕಲಿಲ್ಲ. ನೀನು ಆಗ ಆರು ವರ್ಷದವನು. ಅಪ್ಪನ ಪೆನ್ನು ಕದ್ದು ತಂದು, ನಾನೇ ಅಪ್ಪನ ಸಹಿ ಹಾಕ್ತೀನಿ ಕೊಡು ಅಂದೆ. ಕೋಣೆಯ ಮೂಲೆಯಲ್ಲಿ ಕೂತು ಇಬ್ಬರೂ ಅತ್ತೆವು. ಅಪ್ಪ ಕೆಟ್ಟವರಾಗಿದ್ದರೇ? ಅಲ್ಲ. ಅವರೂ ಯಾರ ಕಡೆ ಎಂದು ಕೇಳಿ ಉತ್ತರಕ್ಕೆ ಕಾಯದೆ ಹೋದವರು.

ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಪೆಟ್ಟಿಗೆ ತೆಗೆ, ಕೆಳಗಿನರ್ಧಗಳನ್ನು ಒಂದೊಂದಾಗಿ ಓದು. ನಾಲ್ಕರ ರೈಲು ಹತ್ತು. ಹಿರಿಯರು ಏನಾದರೂ ಅಂದರೆ ಅಕ್ಕನಿಗೆ ಹುಷಾರಿಲ್ಲ ಎಂದು ಹೇಳಬೇಡ, ನಿಜವನ್ನೇ ಹೇಳು. ಆರಕ್ಕೆ ಸ್ಟೇಷನ್ನಿನಲ್ಲಿ ನಾನಿರುತ್ತೇನೆ. ನೀನು ಬರದಿದ್ದರೆ ಅಲ್ಲಿಂದ ಒಬ್ಬಳೇ ಅಂಗಡಿಗೆ ನಡೆಯುತ್ತೇನೆ.

ನೀನು ಎಷ್ಟು ದೊಡ್ಡವನಾದರೂ ಮೂಗು ಒರೆಸಲು ಸಿದ್ಧಳಾದ
ನಿನ್ನ ಅಕ್ಕ

ತಾ.ಕ. ಲಕೋಟೆ ಅಂಟಿಸಿದ್ದೆ. ಹರಿದು ಮತ್ತೆ ಬರೆಯುತ್ತಿದ್ದೇನೆ. ವ್ಯಾನು ಬಾಗಿಲಿಗೆ ಬಂದು ನಿಂತಿದೆ.

ಬಲೆ ಕಟ್ಟುತ್ತಿದ್ದೆ ಎಂದು ಬರೆದೆನಲ್ಲ, ಅದು ಸುಳ್ಳು. ಬಲೆ ಕಟ್ಟಿ ಅರ್ಧ ಗಂಟೆಯಾಗಿತ್ತು. ನಾನು ನಿನ್ನ ಬೆನ್ನ ಹಿಂದೆ, ಚೀಟಿ ಹಿಡಿದ ಮಕ್ಕಳ ಪಕ್ಕದಲ್ಲೇ ನಿಂತಿದ್ದೆ. ಅಂಟು ಚೀಟಿಯನ್ನು ಎರಡು ಸಲ ಓದಿ ನನ್ನ ಹತ್ತಿರ ಬಂದು, "ಕೋಚಕ್ಕಾ, ಇದು ಟೀಮಿಗೇ ತಾನೆ?" ಎಂದು ಕೇಳಿದಳು. ಮೂವತ್ತೆಂಟು ಮಂದಿಯಲ್ಲಿ ಕೇಳಿದವಳು ಅವಳೊಬ್ಬಳೇ. ಸಂಖ್ಯೆ ಕಡಿಮೆಯಾದರೆ ಮುಂದಿನ ವರ್ಷ ಮೈದಾನ ಇರುವುದಿಲ್ಲ ಎಂದು ನೀನು ಬೆಳಿಗ್ಗೆಯಷ್ಟೇ ಹೇಳಿದ್ದೆ. "ಹ್ಞೂಂ, ಟೀಮಿಗೇ. ಸಹಿ ಹಾಕು" ಅಂದುಬಿಟ್ಟೆ. ಪೆನ್ನಿಲ್ಲ ಅಂದಳು. ಕೊರಳ ದಾರದಲ್ಲಿ ಪೀಪಿಯ ಜೊತೆ ನೇತಾಡುತ್ತದಲ್ಲ, ನನ್ನ ಹುಟ್ಟುಹಬ್ಬಕ್ಕೆ ನೀನು ಕೊಟ್ಟ ಪೆನ್ನು, ಅದನ್ನೇ ಬಿಚ್ಚಿ ಕೊಟ್ಟೆ. ನೀನು ಈಗ ಓದುತ್ತಿರುವ ಅಕ್ಷರದ ಬಣ್ಣ ನೋಡು.

ನಿನ್ನೆ ಅಂಗಡಿಯಲ್ಲಿ ಅವಳು ನೋಡಿದ್ದು ಪೀಪಿಯನ್ನಲ್ಲ. ಅಪ್ಪ ಎದುರಿಗೇ ಇದ್ದ, ಒಂದು ಮಾತು ಹೇಳಿದ್ದರೆ ಅವಳ ಭಾರ ಇಳಿಯುತ್ತಿತ್ತು. ಅವಳು ನನ್ನ ಹೆಸರು ಹೇಳಲಿಲ್ಲ. ಬೀಗದವನಿಗೆ ಇನ್ನೊಂದು ಕಾಗದ ಬರೆದಿಟ್ಟಿದ್ದೇನೆ, ವ್ಯಾನು ಹೊರಟ ಕೂಡಲೇ ನಾನೇ ಕೊಂಡೊಯ್ದು ಕೊಡುತ್ತೇನೆ. ಅದನ್ನು ಓದಿ ಅವನು ನನ್ನ ಮುಖ ನೋಡದಿರಬಹುದು, ಹಾಗಾಗಿ ನಿನ್ನ ಅರ್ಧ ಚೀಟಿ ಇನ್ನೂ ಹೆಚ್ಚಾಗಿ ಬೇಕು. ಅವನ ಕಾಗದವನ್ನೂ ಇದೇ ಪೆನ್ನಿನಲ್ಲಿ ಬರೆದಿದ್ದೇನೆ. ಯಾರ ಪೆನ್ನು ಎಂದು ಅವನು ಇನ್ನೊಂದು ಸಲ ಕೇಳಬೇಕಾಗಿಲ್ಲ.